ದಸರಾ ಆನ್‌ಲೈನ್ ಸೇಲ್ ಎದುರಿಗಿ ಅದ, ಅಂಗಡ್ಯಾಗ ಎಷ್ಟು ಮಾಲು ತುಂಬ್ಲಿ? (ಕಲಬುರಗಿ, ಭಾಂಡೆ ಅಂಗಡಿ)

ಚೌಕ್‌ಭಾಂಡೆ, ಕಲಬುರಗಿ:

ಎಲ್ಲಾರಿಗೂ ಶರಣಾರ್ಥಿ. ನಂದು ಚೌಕ್ ಹತ್ರ ಭಾಂಡೆ ಅಂಗಡಿ. ಸ್ಟೀಲು, ತಾಮ್ರ, ಹಿತ್ತಾಳಿ ತೂಕದ ಮ್ಯಾಲ ಮಾರ್ತೀವಿ. ಜೊತಿಗಿ ಕುಕ್ಕರ್, ಮಿಕ್ಸರ್, ಗ್ಯಾಸ್ ಒಲಿ, ನಾನ್‌ಸ್ಟಿಕ್ ತವಾ ಇಂಥಾ ಡಬ್ಬಿ ಮಾಲೂ ಅದ. ಅಪ್ಪ ಗಲ್ಲೆ ಮ್ಯಾಲ ಕೂಡೂವಾಗ ಡಬ್ಬಿ ಮಾಲು ಒಂದು ಕಪಾಟಿನಷ್ಟು ಇತ್ತು. ಈಗ ಅರ್ಧ ಅಂಗಡಿ ಅದೇ ಆಗ್ಯಾದ.

ಶ್ರಾವಣ ಹತ್ತೂದ್ರಾಗ ಹೈದರಾಬಾದಿನ ಬೇಗಂ ಬಜಾರಿಗಿ ಹೋಗಿ ದಸರಾ, ದೀಪಾವಳಿ ಮಾಲಿಗಿ ಮುಂಗಡ ಕೊಟ್ಟು ಬರೂದು ನಮ್ಮ ರೂಢಿ. ಈ ಸಲ ಕಾಲು ಏಳವಲ್ದು. ಯಾಕಂದ್ರ ಹೋದ ವರ್ಷದ್ದು ಕೇಳ್ರಿ.

2025ರ ಆಗಸ್ಟ್ 15ಕ್ಕ ಪ್ರಧಾನಿ ಕೆಂಪು ಕೋಟಿ ಮ್ಯಾಲ ನಿಂತು ಜಿಎಸ್‌ಟಿ ಇಳಸ್ತೀವಿ ಅಂದ್ರು. ಸೆಪ್ಟೆಂಬರ್ 3ಕ್ಕ ಕೌನ್ಸಿಲ್‌ದಾಗ ತೀರ್ಮಾನ ಆಯ್ತು, 22ರಿಂದ ಜಾರಿ ಅಂತ. ಅಷ್ಟೂ ದಿನ ಗಿರಾಕಿ ಬರೂದು, ಕುಕ್ಕರ್ ಕೈಯಾಗ ಹಿಡದು ತಿರುಗಿಸಿ ನೋಡೂದು, "ಇಪ್ಪತ್ತೆರಡಕ್ಕ ಬರ್ತೀವ್ರಿ" ಅಂತ ಇಟ್ಟು ಹೋಗೂದು. ಅವರದೇನು ತಪ್ಪಿಲ್ಲ. ಅಡಗಿ ಮನಿ ಭಾಂಡೆ, ಕುಕ್ಕರ್ ಶೇ 12 ಇದ್ದದ್ದು ಶೇ 5 ಆಗೂದಿತ್ತು, ನಾನಾದ್ರೂ ಕಾಯ್ತಿದ್ದೆ. ಸೆಪ್ಟೆಂಬರ್ 22ಕ್ಕೇ ಘಟಸ್ಥಾಪನಾ ಬಂತು. ಮರುದಿನ 23ಕ್ಕ ಫ್ಲಿಪ್‌ಕಾರ್ಟ್‌ದ್ದು, ಅಮೆಜಾನ್‌ದ್ದು ಎರಡೂ ದೊಡ್ಡ ಸೇಲ್ ಶುರು. ಅಂದ್ರ ನನ್ನ ಗಿರಾಕಿಗಿ ಅಂಗಡಿ ನೆನಪಿಟ್ಕೊಂಡು ಬರ್ಲಾಕ ಸಿಕ್ಕಿದ್ದು ಬರೋಬರ್ ಒಂದು ದಿನ!

ಆಮ್ಯಾಲ ಬಂದವರೂ ಮೊಬೈಲ್ ಮುಂದ ಹಿಡದೇ ಬಂದ್ರು. "ಇದೇ ಕಂಪನಿ ಮಿಕ್ಸರ್ ಇದ್ರಾಗ ಇಷ್ಟಕ್ಕದ, ನೀವೆಷ್ಟಕ್ಕ ಕೊಡ್ತೀರಿ?" ನೋಡಿದ್ರ ನನ್ನ ಖರೀದಿ ದರಕ್ಕಿಂತ ಕಡಿಮಿ. ಮಿಕ್ಸರಿಗಿ ಜಿಎಸ್‌ಟಿ ಇಳದೇ ಇಲ್ಲ, ಮೊದಲೂ 18, ಈಗೂ 18. ಮೊಬೈಲೂ ಅಷ್ಟೇ. ಆದ್ರ ಜನ ಎಲ್ಲಾ ಅಗ್ಗ ಆಗ್ಯಾವ ಅಂತೇ ತಿಳಕೊಂಡಿದ್ರು. ಬಿಡಿಸಿ ಹೇಳಿದ್ರ ನಾನೇ ಏನೋ ಮುಚ್ಚಿಡ್ಲತ್ತೀನಿ ಅನ್ನೂ ಹಂಗ ಮಾರಿ ನೋಡ್ತಿದ್ರು.

ವಿಚಿತ್ರ ಏನಂದ್ರ, ಧನತ್ರಯೋದಶಿಗಿ ತಾಮ್ರ, ಹಿತ್ತಾಳಿ ಮಾರಾಟ ಚಲೋನೇ ಆಯ್ತು. ಡಬ್ಬಿ ಮಾಲು ಮಾತ್ರ ಹಂಗೇ ಕೂತು, ಲಗ್ನದ ಸೀಜನ್‌ದಾಗ ಕಿಮ್ಮತ್ತು ಇಳಿಸಿ ತಗೀಬೇಕಾಯ್ತು.

ಅದಕ್ಕ ನಿಮ್ಮನ್ನ ಕೇಳ್ಲತ್ತೀನಿ. ನಮ್ಮ ಕಲಬುರಗಿ, ಬೀದರ್, ಯಾದಗಿರಿ ಮೂರು ಜಿಲ್ಲಾದ ಮಂದಿ ಸೇಲ್‌ದಾಗ ಖರೇನೇ ಏನು ತಗೋತಾರ? ಅವರ ಖರ್ಚು ಹೆಚ್ಚಾಗ್ಯಾದೋ, ಇಲ್ಲಾ ಅದೇ ರೊಕ್ಕ ಬ್ಯಾರೆ ಕಡಿ ಹರೀಲತ್ತದೋ? ನನ್ನ ಖರೀದಿ ದರಕ್ಕಿಂತ ಕಡಿಮಿಗಿ ಅವರಿಗಿ ಹೆಂಗ ಬಿಡ್ಲಾಕ ಆಗ್ತದ? "ಆನ್‌ಲೈನ್ ಬಹಿಷ್ಕಾರ ಮಾಡ್ರಿ" ಅನ್ನೋ ಭಾಷಣ ಬ್ಯಾಡ. ನನ್ನ ಮಗಳ ಬೂಟು, ಬ್ಯಾಗು ಆನ್‌ಲೈನ್‌ದಾಗೇ ಬಂದಾವ.

ಸೇಡಂ_ಚಪ್ಪಲ್:

ಅಣ್ಣಾರ, ನಂದು ಚಪ್ಪಲ್ ಅಂಗಡಿ, ನಂದೂ ಇದೇ ಪ್ರಶ್ನಿ. ಉತ್ತರ ಬಂದ್ರ ಓದ್ಲಾಕ ಇಲ್ಲೇ ಕೂತೀನಿ.

ಪಾರ್ಸೆಲ್_ಯಾದಗಿರ:

ಅಣ್ಣಾ, ನಾ ಯಾದಗಿರ್‌ದಾಗ ಒಂದು ಕೊರಿಯರ್ ಹಬ್‌ದಾಗ ಚೀಲ ಇಳಿಸಿ, ವಿಂಗಡಿಸಿ, ಹುಡುಗರಿಗಿ ಹಂಚೋ ಕೆಲಸ ಮಾಡ್ತೀನಿ. ಮುಂಚೆ ನಾನೂ ಬೈಕ್ ಮ್ಯಾಲ ಓಡಾಡಿದವ. ನೀವು ಅಂಗಡ್ಯಾಗ ಕೂತು ಗಿರಾಕಿ ನೋಡ್ತೀರಿ, ನಾ ಡಬ್ಬಿ ನೋಡ್ತೀನಿ, ಅಷ್ಟೇ ಫರಕು.

ಸೇಲ್ ಶುರು ಆದ ಮ್ಯಾಲ ಮೊದಲ ಚೀಲಗೋಳು ಸಣ್ಣವು, ಆದ್ರ ಕಿಮ್ಮತ್ತಿನವು. ಮೊಬೈಲು, ಇಯರ್‌ಫೋನು, ವಾಚು. ರೊಕ್ಕ ಮೊದಲೇ ಕಟ್ಟಿರ್ತಾರ, ಬಾಗಿಲದಾಗ ಓಟಿಪಿ ಹೇಳ್ಬೇಕು, ಕೆಲವಕ್ಕ ನಮ್ಮ ಹುಡುಗನೇ ಎದುರಿಗಿ ಡಬ್ಬಿ ತೆರದು ತೋರಿಸ್ಬೇಕು. ಇವು ಹೆಚ್ಚಾಗಿ ನೌಕರಿದಾರರ ಮನಿಗಿ, ಸ್ಟೇಷನ್ ಕಡಿ, ಹೊಸ ಲೇಔಟ್ ಕಡಿ ಹೋಗ್ತಾವ. ಆಮ್ಯಾಲ ಬರ್ತಾವ ನೋಡ್ರಿ ಬಟ್ಟಿ. 200, 300, 500 ರೂಪಾಯಿವು. ಕುರ್ತಿ, ಚಪ್ಪಲ್, ಬೆಡ್‌ಶೀಟು, ಹುಡುಗರ ಡ್ರೆಸ್ಸು. ಇವು ಗುರುಮಠಕಲ್, ಶಹಾಪುರ, ಸುರಪುರ ಕಡಿ ಹಳ್ಳಿಗೋಳಿಗಿ, ಮತ್ತ ಮನಿಗಿ ಬಂದ ಮ್ಯಾಲ ರೊಕ್ಕ ಕೊಡೂವು. ಮಧ್ಯಾಹ್ನ ಹೋದ್ರ ಮನ್ಯಾಗ ಯಾರೂ ಇರಂಗಿಲ್ಲ, ಹೊಲಕ್ಕ ಹೋಗಿರ್ತಾರ. ಸಂಜಿಕ್ಕ ಹೋದ್ರ ಅತ್ತಿ ಇರ್ತಾಳ, ಸೊಸಿ ಆರ್ಡರ್ ಮಾಡಿದ್ದು ಆಕಿಗಿ ಗೊತ್ತೇ ಇರಂಗಿಲ್ಲ. ಪಾರ್ಸೆಲ್ ವಾಪಸ್! ದೀಪಾವಳಿ ಆದ ಮ್ಯಾಲ ನಮ್ಮ ಹಬ್‌ದಾಗ ಬರೂ ಚೀಲಕ್ಕಿಂತ ತಿರುಗಿ ಹೋಗೂ ಚೀಲದ್ದೇ ಗದ್ದಲ ಇರ್ತದ.

ಗೃಹಲಕ್ಷ್ಮಿ 2,000 ಜಮಾ ಆದ ವಾರ ವಾಪಸ್ ಆಗೂದು ಕಡಿಮಿ. ಇದು ನಮ್ಮ ಹುಡುಗರೆಲ್ಲಾ ಹೇಳೂ ಮಾತು. ಪುಸ್ತಕದಾಗ ಬರದಿಟ್ಟಿದ್ದಲ್ಲ, ಆದ್ರ ಬಾಗಿಲಕ್ಕ ಹೋಗೋರಿಗಿ ಗೊತ್ತಾಗ್ತದ.

ನಿಮ್ಮ ಮಿಕ್ಸರ್ ಎಲ್ಲಿ ಹೋಯ್ತು ಅಂತ ಕೇಳಿದ್ರಿ. ನಾ ಹೇಳ್ತೀನಿ. ಪಾರ್ಸೆಲ್ ಮ್ಯಾಲ ವಿಳಾಸ ಸುರಪುರ ಹತ್ರದ ಹಳ್ಳಿದು, "ಹಣಮಪ್ಪನ ಗುಡಿ ಹಿಂದ" ಅಂತ. ಫೋನ್ ಹಚ್ಚಿದ್ರ ಎತ್ತವ ಬೆಂಗಳೂರಾಗ ಇರ್ತಾನ. ಕಟ್ಟಡ ಕೆಲಸಕ್ಕ, ಸೆಕ್ಯೂರಿಟಿ ಕೆಲಸಕ್ಕ ಹೋದ ಹುಡುಗರು. "ಅವ್ವಗ ಕೊಡ್ರಿ, ರೊಕ್ಕ ಕಟ್ಟೀನಿ" ಅಂತಾರ. ಗುಳೆ ಹೋದವರು ಮೊದಲು ದಸರಾಕ್ಕ ಊರಿಗಿ ಬರ್ತಿದ್ರು, ಬಂದಾಗ ಅವ್ವನ್ನ ಕರ್ಕೊಂಡು ಶಹಾಪುರಕ್ಕೋ ಕಲಬುರಗಿಗೋ ಹೋಗಿ ಅಂಗಡ್ಯಾಗ ಕೊಡಿಸ್ತಿದ್ರು. ಈಗ ರಜಾ ಸಿಗಂಗಿಲ್ಲ, ಮಿಕ್ಸರ್ ಅಷ್ಟೇ ಬರ್ತದ. ಅದು ನಿಮ್ಮ ಊರಿನ ರೊಕ್ಕನೇ ಅಲ್ಲಣ್ಣಾ, ಬೆಂಗಳೂರಿನ ಪಗಾರ.

ಬೀದರ್_ಟೀಚರ್:

ನಾನು ಕೊಳ್ಳುವವರ ಕಡೆಯಿಂದ ಹೇಳ್ತೀನ್ರಿ. ಸರ್ಕಾರಿ ಶಾಲೆ ಟೀಚರ್, ತಿಂಗಳ ಪಗಾರ, ಮನೆಯಲ್ಲಿ ಅತ್ತೆ, ಇಬ್ಬರು ಮಕ್ಕಳು. ಸೇಲ್‌ಗಾಗಿ ಕಾಯುವ ಜಾತಿ ಅಂದ್ರ ನಾವೇ.

ನಮ್ಮ ಸ್ಟಾಫ್ ರೂಮಿನಲ್ಲಿ ಸೇಲ್ ತಯಾರಿ ಶ್ರಾವಣದಿಂದಲೇ ನಡೀತದ. ಬೇಕಾದ್ದನ್ನ ಕಾರ್ಟ್‌ನಲ್ಲಿ ಹಾಕಿ ಬಿಡ್ತೀವಿ. ಕ್ರೆಡಿಟ್ ಕಾರ್ಡ್ ಇರೋದು ಒಬ್ಬಿಬ್ಬರ ಹತ್ರ. ಆ ಬ್ಯಾಂಕಿನ ಕಾರ್ಡಿಗೆ ಶೇ 10 ಕಡಿತ ಅಂದ್ರ ಎಲ್ಲರೂ ಅವರನ್ನೇ ಹಿಡೀತೀವಿ. ಅವರು ಖರೀದಿ ಮಾಡಿ ಕೊಡ್ತಾರ, ನಾವು ಫೋನ್‌ಪೇ ಮಾಡ್ತೀವಿ. ಕಡಿತಕ್ಕೊಂದು ಮಿತಿ ಇರ್ತದ, ಅದು ಮುಗಿದ ಮೇಲೆ ಬಂದವರಿಗೆ ಏನೂ ಸಿಗಲ್ಲ. ಹಿಂಗಾಗಿ ಯಾರ ವಸ್ತು ಮೊದಲು ಅನ್ನೋದಕ್ಕೇ ಸಣ್ಣ ಜಗಳ ಆಗ್ತಾವ.

ನಾನು ಒಂದು ವಹಿಯಲ್ಲಿ ದರ ಬರೆದಿಡ್ತೀನಿ. ಗಣಿತದ ಟೀಚರ್ ಅಲ್ರಿ, ಸ್ವಭಾವ ಹಂಗ. ಹೋದ ವರ್ಷ ಒಂದು 5 ಲೀಟರ್ ಕುಕ್ಕರ್ ನೋಡಿಟ್ಟಿದ್ದೆ. ಆಗಸ್ಟ್‌ನಲ್ಲಿ 1,640. ಸೇಲ್ ದಿನ 1,599, ಮೇಲೆ ಕೆಂಪು ಅಕ್ಷರದಲ್ಲಿ "52% ಇಳಿಕೆ". ಅದರ ಎಂಆರ್‌ಪಿ 3,335 ಅಂತ ಗೆರೆ ಎಳೆದು ತೋರಿಸಿದ್ರು. 3,335ಕ್ಕೆ ಆ ಕುಕ್ಕರ್ ಯಾರಾದ್ರೂ ಜನ್ಮದಲ್ಲಿ ತಗೊಂಡಿದ್ದಾರಾ? ನಾನೂ ತಗೊಳ್ಳಲಿಲ್ಲ. ಮಕ್ಕಳ ಬೂಟು, ಒಂದು ಟ್ರಾಲಿ ಬ್ಯಾಗು ಮಾತ್ರ ಖರೇನೇ ಇಳಿದಿದ್ವು, ಅವನ್ನ ತಗೊಂಡೆ. ಕೆಳಗೆ ಗಡಿಯಾರ ಓಡ್ತಿತ್ತು, "ಇನ್ನು ಎರಡೇ ಉಳಿದಾವ" ಅಂತ. ಮೂರು ದಿನ ಬಿಟ್ಟು ನೋಡಿದ್ರೂ ಎರಡೇ ಉಳಿದಿದ್ವು! ಸುಳ್ಳು ಅವಸರ ಹುಟ್ಟಿಸೋದು, ಕೇಳದೇ ಕಾರ್ಟ್‌ನಲ್ಲಿ ಏನಾದ್ರೂ ಸೇರಿಸೋದು, ಇಂಥ 13 ಬಗೆಯ ಆಟಗಳನ್ನ ಕೇಂದ್ರ ಸರ್ಕಾರ 2023ರ ನವೆಂಬರ್‌ನಲ್ಲೇ ನಿಷೇಧ ಮಾಡಿದೆ. ದೂರು ಕೊಡೋದಿದ್ರೆ 1915ಕ್ಕೆ ಫೋನ್ ಮಾಡಬಹುದು, ಕನ್ನಡದಲ್ಲೂ ಮಾತಾಡ್ತಾರೆ.

ಸೀರೆ ಮಾತ್ರ ಅಂಗಡಿಯಲ್ಲೇ. ದಸರಾಕ್ಕೆ ಅತ್ತೆಗೊಂದು, ನನಗೊಂದು. ಗವಾನ್ ಚೌಕ್ ಕಡೆಗೆ ನಮ್ಮ ಗುರುತಿನ ಅಂಗಡಿ ಇದೆ. ಅರ್ಧ ಈಗ, ಅರ್ಧ ಮುಂದಿನ ಪಗಾರಕ್ಕೆ. ಸಹಿ ಇಲ್ಲ, ಬಡ್ಡಿ ಇಲ್ಲ. ಅಂಚು ಸರಿ ಬರಲಿಲ್ಲ ಅಂದ್ರೆ ಬದಲಿಸಿ ಕೊಡ್ತಾರೆ.

ಇನ್ನೊಂದು. ಬೀದರ್‌ನವರು ದೊಡ್ಡ ಖರೀದಿ ಅಂದ್ರೆ ಮೊದಲಿಂದಲೂ ಹೈದರಾಬಾದ್‌ಗೆ ಹೋಗೋರೇ. ಲಗ್ನದ ಭಾಂಡೆ ಸಾಮಾನಿಗೂ ನೇರ ಬೇಗಂ ಬಜಾರ್. ಆನ್‌ಲೈನ್ ಬಂದ ಮೇಲೆ ನಮ್ಮ ಮನೆಯಲ್ಲಿ ಕಡಿಮೆ ಆಗಿದ್ದು ಬೀದರ್ ಅಂಗಡಿಯ ಖರೀದಿ ಅಲ್ಲ, ಹೈದರಾಬಾದ್ ಓಡಾಟ.

ಚೌಕ್‌ಭಾಂಡೆ, ಕಲಬುರಗಿ:

ಟೀಚರಕ್ಕ, ನಿಮ್ಮ ವಹಿಗಿ ನಂದೊಂದು ನಮಸ್ಕಾರ. ಅದ್ರಾಗಿನ ಲೆಕ್ಕ ನಾ ಇನ್ನೊಂದು ಹೆಜ್ಜಿ ಮುಂದ ಒಯ್ತೀನಿ. ಆಗಸ್ಟ್‌ದ 1,640ರ ಒಳಗ ಶೇ 12 ಜಿಎಸ್‌ಟಿ ಇತ್ತು. ಅದನ್ನ ತಗದ್ರ ಮೂಲ ದರ 1,464 ಚಿಲ್ಲರೆ. ಅದಕ್ಕ ಶೇ 5 ಹಚ್ಚಿದ್ರ 1,538. ಅಂದ್ರ ಸೇಲೇ ಇಲ್ದೆ, ಬರೇ ತೆರಿಗಿ ಇಳದದ್ದಕ್ಕೇ ಅದು 1,538 ಆಗ್ಬೇಕಿತ್ತು. ಅವರು ಸೇಲ್ ಅಂತ ಕೊಟ್ಟದ್ದು 1,599! ತೆರಿಗಿ ಇಳಿಕಿದಾಗ ಸ್ವಲ್ಪ ತಾವು ಇಟ್ಕೊಂಡು, ಉಳದದ್ದಕ್ಕ ಕೆಂಪು ಅಕ್ಷರ ಹಚ್ಯಾರ. ಈ ಲೆಕ್ಕ ಬರದು ಅಂಗಡಿ ಮುಂದ ಬೋರ್ಡ್ ಹಾಕ್ಲೇನು ಅನಸ್ಲತ್ತದ.

ಕುಕ್ಕರ್ ವಿಷಯ ಬಂದದ್ದಕ್ಕ ಇನ್ನೊಂದು ಮಾತು, ಇದು ವ್ಯಾಪಾರಕ್ಕಲ್ಲ. ಎಲ್ಲಿ ಬೇಕಾದ್ರೂ ತಗೋರಿ, ತಳದ ಮ್ಯಾಲ ಐಎಸ್‌ಐ ಗುರುತು ನೋಡೇ ತಗೋರಿ. ಮನಿ ಕುಕ್ಕರಿಗಿ ಅದು ಕಡ್ಡಾಯ ಅದ. 2022ರ ಆಗಸ್ಟ್‌ದಾಗ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದವರು, ಗುರುತಿಲ್ಲದ ಕುಕ್ಕರ್ ಮಾರ್ಲಾಕ ಬಿಟ್ಟಿದ್ದಕ್ಕ ದೊಡ್ಡ ಆನ್‌ಲೈನ್ ಅಂಗಡಿಗೋಳಿಗೇ ತಲಾ 1 ಲಕ್ಷ ದಂಡ ಹಾಕಿದ್ರು.

ಆದ್ರ ನನ್ನ ಖರೀದಿ ದರದ ಒಗಟು ಹಂಗೇ ಉಳೀತು. ಬಲ್ಲವರು ಹೇಳ್ರಿ.

ಚಿತ್ತಾಪುರದವ_ಬೆಂಗಳೂರಲ್ಲಿ:

ಅಣ್ಣಾ, ನಾನು ಬೆಂಗಳೂರಲ್ಲಿ ಇದೇ ಧಂದೆಯಲ್ಲಿದೀನಿ. ಆನ್‌ಲೈನ್‌ನಲ್ಲಿ ಮಾರೋ ಸಣ್ಣ ಕಂಪನಿಗಳ ಲಿಸ್ಟಿಂಗ್, ದರ, ಜಾಹೀರಾತು ನೋಡಿಕೊಳ್ಳೋ ಕೆಲಸ. ಸೇಲ್ ಟೈಮಲ್ಲಿ ನಮಗೆ ನಿದ್ದೆ ಇರಲ್ಲ.

ಒಂದು ವಸ್ತುವಿನ ಮೇಲಿನ ಕಡಿತ ಒಬ್ಬರ ಜೇಬಿಂದ ಬರಲ್ಲ. ಒಂದಷ್ಟು ಮಿಕ್ಸರ್ ಕಂಪನಿ ಹಾಕುತ್ತೆ, ಅದಕ್ಕೆ ಸೇಲ್ ಅಂದ್ರೆ ಜಾಹೀರಾತು ಖರ್ಚು. ಕಾರ್ಡಿನ ಶೇ 10ರಲ್ಲಿ ದೊಡ್ಡ ಪಾಲು ಬ್ಯಾಂಕಿನದು, ಅವರಿಗೆ ಜನ ಕಾರ್ಡ್ ಉಜ್ಜೋದು ಬೇಕು. ಉಳಿದದ್ದು ಮಾರಾಟಗಾರನ ತಲೆ ಮೇಲೆ. ಆ ಮಾರಾಟಗಾರ ನಿಮ್ಮ ಥರದವನೇ, ಎಲ್ಲೋ ಸೂರತ್ತಲ್ಲೋ ದಿಲ್ಲಿಯಲ್ಲೋ ಕೂತಿರ್ತಾನೆ. ಕಮಿಷನ್, ಕೊರಿಯರ್, ವಾಪಸ್ ಬಂದ ಮಾಲು ಎಲ್ಲಾ ಕಳೆದ ಮೇಲೆ ಎಷ್ಟೋ ಸಲ ಅವನಿಗೆ ಉಳಿಯೋದು ಚಿಲ್ಲರೆ. ಯಾದಗಿರಿ ಅಣ್ಣ ಹೇಳಿದ ಆ ತಿರುಗಿ ಹೋಗೋ ಚೀಲ ಇದೆಯಲ್ಲ, ಅದು ಅವನ ಲಾಭ ತಿಂದು ಹೋಗುತ್ತೆ. ವಿದೇಶಿ ಬಂಡವಾಳ ಇರೋ ತಾಣಗಳು ತಾವೇ ಮಾಲು ಇಟ್ಟು ಮಾರೋ ಹಾಗಿಲ್ಲ, ದರವನ್ನೂ ನೇರವಾಗಿ ಇಲ್ಲಾ ಸುತ್ತಿ ಬಳಸಿ ನಿಯಂತ್ರಿಸೋ ಹಾಗಿಲ್ಲ. 2019ರ ಫೆಬ್ರುವರಿಯಿಂದ ಈ ನಿಯಮ ಬಿಗಿಯಾಗಿದೆ. ಎಷ್ಟು ಪಾಲನೆ ಆಗುತ್ತೆ ಅಂತ ವ್ಯಾಪಾರಿ ಸಂಘಗಳು ವರ್ಷಾ ಜಗಳ ಮಾಡ್ತಾನೇ ಇರ್ತವೆ.

ಎರಡನೇದು, ನಿಮ್ಮ ಮಿಕ್ಸರೂ ಆ ಮಿಕ್ಸರೂ ಒಂದೇ ಅಲ್ಲದೆ ಇರಬಹುದು. ಹೆಸರು ಒಂದೇ, ಮಾಡೆಲ್ ನಂಬರ್ ಕೊನೆಯಲ್ಲಿ ಒಂದಕ್ಷರ ಬೇರೆ. ಆನ್‌ಲೈನ್‌ಗೆ ಅಂತಲೇ ಮಾಡಿದ ಮಾಡೆಲ್‌ನಲ್ಲಿ ಒಂದು ಜಾರ್ ಕಡಿಮೆ ಇರುತ್ತೆ, ಇಲ್ಲಾ ಮೋಟರ್ ವ್ಯಾಟ್ ಕಡಿಮೆ. ಗಿರಾಕಿ ಮೊಬೈಲ್ ತೋರಿಸಿದಾಗ ಮೊದಲು ಮಾಡೆಲ್ ನಂಬರ್ ಓದಿ ಹೇಳಿ.

ಎಂಆರ್‌ಪಿ ಬಗ್ಗೆ ಟೀಚರ್ ಕೇಳಿದ್ದು ಸರಿ. ಅದಕ್ಕಿಂತ ಹೆಚ್ಚಿಗೆ ಮಾರಬಾರದು ಅಂತ ಕಾನೂನಿದೆ. ಅದನ್ನೇ ಎಷ್ಟು ಎತ್ತರಕ್ಕೆ ಅಚ್ಚು ಹಾಕಬಹುದು ಅನ್ನೋದಕ್ಕೆ ಸಾಮಾನ್ಯ ವಸ್ತುಗಳಿಗೆ ಮಿತಿ ಇಲ್ಲ. ಎಲ್ಲಾ ಶೇಕಡಾ ಲೆಕ್ಕ ಶುರುವಾಗೋದು ಅಲ್ಲಿಂದ.

ಹಳೇ ನೆನಪು ಒಂದು: 2014ರ ಅಕ್ಟೋಬರ್ 6ಕ್ಕೆ ಫ್ಲಿಪ್‌ಕಾರ್ಟ್‌ನ ಮೊದಲ ಬಿಗ್ ಬಿಲಿಯನ್ ಡೇ ನಡೆದಾಗ ಸೈಟೇ ಕುಸಿದು ಬಿದ್ದು, ಸ್ಥಾಪಕರು ಗ್ರಾಹಕರ ಕ್ಷಮೆ ಕೇಳಿದ್ರು. ಹತ್ತು ಗಂಟೆಯಲ್ಲಿ 600 ಕೋಟಿ ವ್ಯಾಪಾರ ಅಂತ ಕಂಪನಿ ಹೇಳಿಕೊಂಡಿದ್ದೂ ಅವತ್ತೇ. ಆವಾಗ ಅದು ಒಂದು ದಿನದ ಸೇಲ್. ಈಗ ದಸರಾಕ್ಕೆ ಶುರುವಾದದ್ದು ಹೆಸರು ಬದಲಿಸ್ಕೊಂಡು ದೀಪಾವಳಿ ತನಕ ಎಳೆಯುತ್ತೆ. ಗಡಿಯಾರ ನೋಡಿ ಗಾಬರಿ ಆಗೋ ಅವಶ್ಯಕತೆ ಯಾರಿಗೂ ಇಲ್ಲ.

ಗಂಜ್_ಮುನೀಮ:

ಎಲ್ಲಾ ಓದಿದೆ. ಹುಡುಗರು ಚಲೋ ಬರದೀರಿ. ಆದ್ರ ಭಾಂಡೆ ತಮ್ಮಾ ಕೇಳಿದ ನಡುವಿನ ಪ್ರಶ್ನಿಗಿ ಯಾರೂ ಕೈ ಹಚ್ಚಿಲ್ಲ. ಖರ್ಚು ಹೆಚ್ಚಾಗ್ಯಾದೋ, ಅದೇ ರೊಕ್ಕನೋ ಅಂತ.

ನಾ ಕಲಬುರಗಿ ನೆಹರು ಗಂಜ್ ಧಾನ್ಯದ ಪ್ಯಾಟ್ಯಾಗ ಅಡತಿ ಅಂಗಡಿ, ಅಂದ್ರ ರೈತರ ಮಾಲು ಕಮಿಷನ್ ಮ್ಯಾಲ ಮಾರಿಸಿ ಕೊಡೂ ಅಂಗಡಿ, ಅದರ ಲೆಕ್ಕ ಬರಿತೀನಿ. ಕೂದಲು ಅಲ್ಲೇ ಬೆಳ್ಳಗಾಗ್ಯಾವ. ರೈತರ ಮನಿಗಿ ರೊಕ್ಕ ಯಾವಾಗ ಹೋಗ್ತದ ಅನ್ನೂದು ನಮ್ಮ ಖಾತೆ ಪುಸ್ತಕ ನೋಡಿದ್ರ ಗೊತ್ತಾಗ್ತದ.

ಹೆಸರು ಆಗಸ್ಟ್ ಕಡಿಗಿ, ಸೆಪ್ಟೆಂಬರ್‌ದಾಗ ಬರ್ತದ. ಅದರ ಬೆನ್ನಿಗಿ ಉದ್ದು. ಬೀದರ್ ಕಡಿ ಸೋಯಾ ಅಕ್ಟೋಬರ್‌ದಾಗ. ಯಾದಗಿರಿ ಹತ್ತಿ ಅದರ ಮ್ಯಾಲ. ಇವೆಲ್ಲಾ ಕೈ ಖರ್ಚಿನ ಬೆಳಿ, ಬಿತ್ತೂವಾಗ ಮಾಡಿದ ಸಾಲ ಮುಟ್ಟಿಸ್ಲಾಕ, ಸಾಲಿ ಫೀ ಕಟ್ಲಾಕ ಹೋಗ್ತಾವ. ಕಲಬುರಗಿ ಜಿಲ್ಲಾಕ್ಕ ಖರೇ ರೊಕ್ಕ ಅಂದ್ರ ತೊಗರಿ. ಜೂನ್-ಜುಲೈದಾಗ ಬಿತ್ತಿದ್ದು ಡಿಸೆಂಬರ್ ಹಿಡದು ರಾಶಿ, ಗಂಜಿಗಿ ಆವಕ ಜೋರಾಗೂದು ಜನವರಿ, ಫೆಬ್ರುವರಿ. ಎಳ್ಳಮವಾಸಿಗಿ ಹೊಲದಾಗ ಚರಗ ಚೆಲ್ಲಿ, ಭಜ್ಜಿ-ರೊಟ್ಟಿ ಉಂಡು ಬಂದ ಮ್ಯಾಲೇ ನಮ್ಮ ಮಂದಿ ಗಟ್ಟಿ ಖರೀದಿಗಿ ಪ್ಯಾಟಿಗಿ ಇಳಿಯೂದು. ಬಂಗಾರ, ಗಾಡಿ, ಲಗ್ನದ ಸಾಮಾನು ಎಲ್ಲಾ ಆವಾಗ.

ಆನ್‌ಲೈನ್ ಸೇಲ್ ಇಟ್ಟವರು ನಮ್ಮ ರಾಶಿ ನೋಡಿ ಇಟ್ಟಿಲ್ಲ. ಅದು ಪಗಾರ, ದೀಪಾವಳಿ ಬೋನಸ್ ಬರೂ ಮಂದಿದು. ನಮ್ಮ ಕಡಿ ದಸರಾ ಅಂದ್ರ ಬನ್ನಿ ಕೊಟ್ಟು ಬಂಗಾರದಂಗ ಇರೂಣು ಅನ್ನೂ ಹೊತ್ತು, ಮನ್ಯಾಗ ಬಂಗಾರ ಇರೂ ಹೊತ್ತಲ್ಲ. ಹಂಗಾರ ಹಳ್ಳಿ ಹುಡುಗ ಅಕ್ಟೋಬರ್‌ದಾಗ ಇಪ್ಪತ್ತು ಸಾವಿರದ ಮೊಬೈಲ್ ಹೆಂಗ ತಗೋತಾನ? ಕಂತಿನ ಮ್ಯಾಲ. ಮೊದಲ ಕಂತಿಗಿ ಕಡಿಮಿ ಬಿದ್ರ ಅವರಪ್ಪ ನಮ್ಮ ಅಡತಿಗಿ ಬಂದು ತೊಗರಿ ಮ್ಯಾಲ ಮುಂಗಡ ಕೇಳ್ತಾನ. "ಔಷಧ ಹೊಡೀಬೇಕ್ರಿ" ಅಂತ ಒಯ್ತಾನ. ಔಷಧಕ್ಕ ಎಷ್ಟು, ಮೊಬೈಲಿಗಿ ಎಷ್ಟು ಅಂತ ನಮ್ಮ ಮಾಲಕ ಕೇಳಂಗಿಲ್ಲ, ನಾ ಬರದು ಇಡ್ತೀನಿ.

ಅಂದ್ರ ಖರ್ಚು ಹೊಸದಲ್ಲ ತಮ್ಮಾ. ಜನವರಿದಾಗ ಪ್ಯಾಟ್ಯಾಗ ಆಗೂ ಖರೀದಿ ಅಕ್ಟೋಬರ್‌ದಾಗ ಫೋನ್‌ದಾಗ ಆಗ್ಲತ್ತದ. ತೊಗರಿ ರೊಕ್ಕ ಬಂದಾಗ ಕಂತು ಅದನ್ನ ಮೊದಲೇ ಕಾಯ್ಕೋತ ಕೂತಿರ್ತಾವ. ಹೋದ ವರ್ಷ ಇನ್ನೂ ಕೆಟ್ಟದಿತ್ತು. ಆಗಸ್ಟ್, ಸೆಪ್ಟೆಂಬರ್ ಮಳಿಗಿ ಹೆಸರು, ಉದ್ದು ಹಾಳಾದ್ವು, ಸೆಪ್ಟೆಂಬರ್ ಕಡಿಗಿ ಭೀಮಾ ಉಕ್ಕಿ ಅಫಜಲಪುರ, ಜೇವರ್ಗಿ ಕಡಿ ಹೊಲಕ್ಕ ನೀರು ಹೊಕ್ಕವು. ತೊಗರಿಗಿ ಬೆಂಬಲ ಬೆಲಿ ಕ್ವಿಂಟಲಿಗಿ 8,000 ಅಂತ ಇತ್ತು, ಆದ್ರ ಬೆಳಿನೇ ಕಡಿಮಿ ಬಂದ್ರ ಬೆಲಿ ತಗೊಂಡು ಏನು ಮಾಡ್ತಾರ? ಅಂಥಾ ವರ್ಷನೂ ಕಂತು ನಿಲ್ಲಂಗಿಲ್ಲ.

ಈ ವರ್ಷದ್ದೊಂದು ಫರಕ್ ನೋಡ್ಕೋ. ಅಧಿಕ ಜ್ಯೇಷ್ಠ ಬಂದದ್ದಕ್ಕ ದಸರಾ ಅಕ್ಟೋಬರ್ ಮೂರನೇ ವಾರಕ್ಕ ಹೋಗ್ಯಾದ, ದೀಪಾವಳಿ ನವೆಂಬರ್‌ಕ್ಕ. ಹಬ್ಬ ಹಿಂದ ಬಿದ್ದ ವರ್ಷ ಹೆಸರು, ಉದ್ದಿನ ರೊಕ್ಕ ಕೈಯಾಗ ಬಂದಿರ್ತದ, ಬೀದರ್ ಸೋಯಾನೂ ಅಷ್ಟಿಷ್ಟು ಮಾರಿರ್ತಾರ. ಮಳಿ ಬರೋಬರ್ ಆದ್ರ ನಗದು ಗಿರಾಕಿ ಹೋದ ವರ್ಷಕ್ಕಿಂತ ಹೆಚ್ಚು ಕಾಣ್ತಾರ. ಬೇಗಂ ಬಜಾರಿಗಿ ಹೋಗೂದು ಸ್ವಲ್ಪ ತಡ ಮಾಡು. ಉದ್ದಿನ ಆವಕ ನೋಡಿ ಹೋಗು.

ರಿಟೈರ್ಡ್_ಮ್ಯಾನೇಜರ್:

ಮುನೀಮರು ಕಂತಿನ ಮಾತು ತೆಗೆದದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ. ಬ್ಯಾಂಕಿನಲ್ಲಿದ್ದವನು, ಈಗ ಜೇವರ್ಗಿ ರಸ್ತೆ ಕಡೆ ವಾಸ.

"ಬಡ್ಡಿ ಇಲ್ಲದ ಕಂತು" ಎಂಬುದು ಬ್ಯಾಂಕಿನ ಪುಸ್ತಕದಲ್ಲಿ ಇಲ್ಲವೇ ಇಲ್ಲ. ಶೂನ್ಯ ಬಡ್ಡಿ ಎಂದು ಹೇಳಿ ಸಾಲ ಕೊಡುವುದನ್ನು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರ್‌ನಲ್ಲೇ ನಿಲ್ಲಿಸಿತು. ಈಗ ನಡೆಯುವುದು ಹೀಗೆ. 24,000ದ ಮೊಬೈಲ್, 6 ಕಂತು, ತಿಂಗಳಿಗೆ 4,000. ಬ್ಯಾಂಕಿನ ದರ ವರ್ಷಕ್ಕೆ ಶೇ 15 ಎಂದು ಹಿಡಿಯಿರಿ. ಕಂಪನಿ ಅಥವಾ ಮಾರಾಟಗಾರ ಮೊದಲೇ ಸುಮಾರು 1,016 ರೂಪಾಯಿ ಕಡಿತ ಕೊಡುತ್ತಾನೆ, ನಿಮ್ಮ ಸಾಲ 22,984 ಆಗುತ್ತದೆ, ಅದರ ಮೇಲೆ ಬ್ಯಾಂಕ್ ಅದೇ 1,016 ಬಡ್ಡಿ ವಸೂಲು ಮಾಡುತ್ತದೆ. ಇಲ್ಲಿಗೆ ಸರಿಸಮ. ಆದರೆ ಆ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ, 183 ರೂಪಾಯಿ, ನಿಮ್ಮದು. ಸಂಸ್ಕರಣಾ ಶುಲ್ಕ 199 ಇದ್ದರೆ ತೆರಿಗೆ ಸೇರಿ 235. ಒಟ್ಟು 418 ರೂಪಾಯಿ ಕೈಬಿಟ್ಟಿತು.

ಅದು ಹೋಗಲಿ. ನಾನು ಗಮನಿಸುವುದು ಬೇರೆ. 24,000 ನಗದು ಕೊಡುವವನಿಗೆ ಆ 1,016 ಕಡಿತ ಸಿಗುವುದೇ ಇಲ್ಲ. ಸಾಲ ಮಾಡುವವನಿಗೆ ರಿಯಾಯಿತಿ, ರೊಕ್ಕ ಎಣಿಸಿ ಕೊಡುವವನಿಗೆ ಪೂರ್ತಿ ದರ. ನಮ್ಮ ಪೇಟೆಯಲ್ಲಿ ಇದು ತಲೆಕೆಳಗು, ನಗದು ಗಿರಾಕಿ ಬಂದರೆ ಅಂಗಡಿಯವನೇ ನೂರಿನ್ನೂರು ಬಿಡುತ್ತಾನೆ. ಭಾಂಡೆ ಅಂಗಡಿಯವರು ಇದನ್ನು ಬಾಯಿಬಿಟ್ಟು ಹೇಳಬೇಕು.

ಚೌಕ್‌ಭಾಂಡೆ, ಕಲಬುರಗಿ:

ಮುನೀಮ ಕಾಕಾ, ನೀವು ಹೇಳಿದ್ದು ಓದಿ ಹಳೇ ಬಿಲ್ ಬುಕ್ ತಗದು ಕೂತೆ. ಅಪ್ಪನ ಕಾಲದಾಗ ಮಿಕ್ಸರ್, ದೊಡ್ಡ ಕುಕ್ಕರ್ ಹೋದದ್ದು ಜನವರಿ ಹಿಡದು ಮೇ ತನಕನೇ. ದಸರಾ-ದೀಪಾವಳಿ ಡಬ್ಬಿ ಮಾಲಿನ ಹಬ್ಬ ಅಂತ ನನ್ನ ತಲ್ಯಾಗ ಹೊಕ್ಕಿದ್ದು ಡಿಸ್ಟ್ರಿಬ್ಯೂಟರ್‌ದವರ ಸ್ಕೀಮ್ ನೋಡಿ. "ಇಷ್ಟು ಪೀಸ್ ಎತ್ತಿದ್ರ ಗೋವಾ ಟೂರ್" ಅಂತ ಬರ್ತಾರಲ್ಲ, ಆ ಮಂದಿ.

ಹಿಂಗ ಮಾಡೂದು ಅಂತ ವಿಚಾರ ಮಾಡೀನಿ. 3, 5 ಲೀಟರ್ ಕುಕ್ಕರ್ ಆನ್‌ಲೈನ್‌ದವರಿಗೇ ಬಿಟ್ಟು, ತೋರ್ಸಾಕಷ್ಟೇ ಇಡ್ತೀನಿ. 10, 12 ಲೀಟರ್ ತುಂಬ್ತೀನಿ. ಅವು ಖಾನಾವಳಿಗೆ, ಜೋಡಿ ಕುಟುಂಬಕ್ಕ, ಲಗ್ನಕ್ಕ ಬೇಕಾಗೂವು, ಅವನ್ನ ಕೈಯಾಗ ಎತ್ತಿ ಭಾರ ನೋಡ್ದೆ ಯಾರೂ ತಗೊಳ್ಳಂಗಿಲ್ಲ. ಮಿಕ್ಸರ್ ಕಲಬುರಗಿದಾಗ ಸರ್ವಿಸ್ ಸೆಂಟರ್ ಇರೂ ಕಂಪನಿದು ಮಾತ್ರ. ಗ್ಯಾಸ್ಕೆಟ್, ಸೀಟಿ, ಜಾರ್, ಬ್ಲೇಡು ಎಲ್ಲಾ ಅಳತಿದು ತರಸ್ತೀನಿ. ಸೇಲ್‌ದಾಗ ತಗೊಂಡ ಮಿಕ್ಸರಿನ ಜಾರ್ ಒಡದಾಗ ಮಂದಿ ಕಡಿಗಿ ಬರೂದು ಇಲ್ಲಿಗೇ. ಹಂಗ ಬಂದವರು ಬರೇ ಜಾರ್ ತಗೊಂಡು ಹೋಗೂದಿಲ್ಲ, ಒಂದು ಡಬ್ಬಾನೋ ಸೌಟೋ ನೋಡೇ ಹೋಗ್ತಾರ.

ಉಳದ ರೊಕ್ಕ ಸ್ಟೀಲು, ತಾಮ್ರಕ್ಕ. ಅದೂ ದೀಪಾವಳಿ ಆದ ಮ್ಯಾಲ, ತುಳಸಿ ಲಗ್ನ ಮುಗಿದು ಲಗ್ನದ ತಿಥಿ ಶುರುವಾಗೂ ಹೊತ್ತಿಗಿ. ತಾಮ್ರದ ದರ ನೋಡಿದ್ರ ಎದಿ ಧಸ್ ಅಂತದ, ಆದ್ರ ತೂಕದ ಮಾಲಿಗಿ ಶೇ 52 ಇಳಿಕಿ ಅಂತ ಬರಿಲಾಕ ಯಾರಿಗೂ ಬರಂಗಿಲ್ಲ, ಕಿಲೋ ದರ ಎಲ್ಲಾರಿಗೂ ಗೊತ್ತದ. ಹಳೇ ಹಿತ್ತಾಳಿ ಕೊಟ್ಟು ಹೊಸದು ತಗೊಳ್ಳೂದು, ಮಗಳ ಲಗ್ನದ ಭಾಂಡೆ ಮ್ಯಾಲ ಹೆಸರು ಕೆತ್ತಿಸೂದು, ಆಯೇರಿಗಿ ಒಂದೇ ನಮೂನಿ ಐವತ್ತು ತಾಟು ಎಣಿಸಿ ಒಯ್ಯೂದು, ಇವ್ಯಾವೂ ಫೋನ್‌ದಾಗ ಆಗೂವಲ್ಲ. ಮತ್ತ ಉದ್ರಿ! ತೊಗರಿ ಬರೂ ತನಕ ಉದ್ರಿ ಕೊಡೂ ಆ್ಯಪ್ ಇನ್ನೂ ಬಂದಿಲ್ಲ. ಬಂದ್ರ ಮೊದಲು ಮುನೀಮ ಕಾಕಾನ ಕೆಲಸ ಹೋಗ್ತದ, ಆಮ್ಯಾಲ ನಂದು.

ಮ್ಯಾನೇಜರ್ ಸಾಹೇಬ್ರು ಹೇಳಿದಂಗ "ನಗದಿಗಿ ರಿಯಾಯತಿ" ಅಂತ ಬೋರ್ಡ್ ಬರಸ್ಲಾಕ ಕೊಡ್ತೀನಿ. ಚಿತ್ತಾಪುರದ ತಮ್ಮಾ, ಮಾಡೆಲ್ ನಂಬರಿನ ಮಾತು ಇವತ್ತೇ ಉಪಯೋಗಕ್ಕ ಬಂತು. ಒಬ್ಬ ಗಿರಾಕಿ ತೋರಿಸಿದ ಮಿಕ್ಸರ್ 500 ವ್ಯಾಟ್, ನನ್ನ ಹತ್ರ ಇದ್ದದ್ದು 750. ಆದ್ರೂ ತಗೊಳ್ಳಿಲ್ಲ, ಅದು ಬ್ಯಾರೆ ಮಾತು. ಕೇಳ್ಕೊಂಡು ಹೋದ.

ಸೇಡಂ_ಚಪ್ಪಲ್:

ನನಗ ತೂಕದ ಮಾಲೂ ಇಲ್ಲ, ಹೆಸರು ಕೆತ್ತೂದೂ ಇಲ್ಲ. ಚಪ್ಪಲ್‌ಗಿ ಏನು ಮಾಡ್ಲಿ ಹೇಳ್ರಲಾ.

ಪಾರ್ಸೆಲ್_ಯಾದಗಿರ:

ಅಣ್ಣಾ, ನಮ್ಮಲ್ಲಿ ವಾಪಸ್ ಹೋಗೂದ್ರಾಗ ಚಪ್ಪಲ್ಲು, ಬೂಟೇ ಮುಂದ ಅವ. ಅಳತಿ ಬರಂಗಿಲ್ಲ. ಹೊಲದಾಗ ಓಡಾಡಿ ಪಾದ ಅಗಲ ಆಗಿರ್ತಾವ, ಕಂಪನಿ ನಂಬರಿಗಿ ಕೂಡಂಗಿಲ್ಲ. ಅಗಲ ಪಾದದ್ದು ಹೆಚ್ಚು ಇಡ್ರಿ, ಹೊಲಿಗಿ ಹಾಕಿ ಕೊಡೂ ಮನಷ್ಯಾನ ಬಾಜೂಕ ಕೂಡಸ್ಕೋರಿ.

ಬೀದರ್_ಟೀಚರ್:

ಭಾಂಡೆ ಅಣ್ಣಾರೆ, ನಮ್ಮ ಅತ್ತೆಯವರದು ಎರಡು ಹಳೇ ಹಿತ್ತಾಳಿ ಕೊಡ, ಒಂದು ಹಂಡೆ ಇದ್ದಾವ. ಬದಲಿ ಕೊಟ್ಟರೆ ತೂಕದಲ್ಲಿ ಎಷ್ಟು ಕಡಿತ ಹಿಡೀತೀರಿ? ಬೇಗಂ ಬಜಾರ್‌ನವರು ಹೇಳೋದಕ್ಕೂ ನಿಮ್ಮದಕ್ಕೂ ವಹಿಯಲ್ಲಿ ಬರೆದು ಹೋಲಿಸ್ತೀನಿ ಮತ್ತ.

ಚೌಕ್‌ಭಾಂಡೆ, ಕಲಬುರಗಿ:

ಬರೀರಿ ಅಕ್ಕ, ಬರೀರಿ. ಒಳಗಿನ ಕಲಾಯಿ, ತಳದ ಮಸಿ, ಕಬ್ಬಿಣದ ಹಿಡಿಕಿ ಇದ್ರ ಅದನ್ನ ತಗದು ನಿಮ್ಮ ಎದುರಿಗೇ ತೂಗ್ತೀವಿ. ದರ ಆ ದಿನದ್ದು, ಫೋನ್‌ದಾಗ ಹೇಳಿ ನಾಳಿ ಮಾತು ತಪ್ಪಿದ ಅನಿಸ್ಕೊಳ್ಳಂಗಿಲ್ಲ. ಹಂಡೆ ಸಾಬೂತು ಇದ್ರ ಕೊಡಬ್ಯಾಡ್ರಿ, ಅಂಥಾ ದಪ್ಪನ ತಗಡು ಈಗ ಬರೂದಿಲ್ಲ. ಕೊಡ ಅಷ್ಟೇ ತರ್ರಿ, ಧನತ್ರಯೋದಶಿ ಗದ್ದಲ ಬಿಟ್ಟು ಯಾವಾಗ ಬೇಕಾದ್ರೂ ಬರ್ರಿ.